ಆಸ್ಕಿ ಮೀಡಿಯಾ ವರ್ಕ್ಸ್: ಜಪಾನಿನ ಒಂದು ಪ್ರಕಾಶನ ಸಂಸ್ಥೆಯ ಉದಯ ಮತ್ತು ವಿಲಯ

1

ಪ್ರಕಾಶನ ಸಂಸ್ಥೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ಮಾರ್ಗಗಳಲ್ಲಿ ಒಂದನ್ನು ಅನುಸರಿಸುವುದುಂಟು. ಸ್ಥಾಪಕನ ಜೀವನವೃತ್ತಾಂತವನ್ನೇ ಸಂಸ್ಥೆಯ ಚರಿತ್ರೆಯೆಂದು ಭಾವಿಸುವುದು ಒಂದು. ಪ್ರಕಟವಾದ ಗ್ರಂಥಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ ತೃಪ್ತಿಪಡುವುದು ಇನ್ನೊಂದು. ಇವೆರಡರಲ್ಲಿಯೂ ಓದುಗನು ಹಿನ್ನೆಲೆಯಲ್ಲಿಯೇ ಉಳಿದುಬಿಡುತ್ತಾನೆ. ಆದರೆ ಕೆಲವು ಸಂಸ್ಥೆಗಳ ಚರಿತ್ರೆಯಾದರೋ ಓದುಗನನ್ನು ಮುಂದೆ ತಂದು ನಿಲ್ಲಿಸದ ಹೊರತು ಅರ್ಥವೇ ಆಗುವುದಿಲ್ಲ. ಅಂತಹ ಒಂದು ಸಂಸ್ಥೆಯನ್ನು ಈ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಟೋಕಿಯೋ ನಗರದ ಆಸ್ಕಿ ಮೀಡಿಯಾ ವರ್ಕ್ಸ್ ಎಂಬ ಈ ಸಂಸ್ಥೆ 2008ರ ಏಪ್ರಿಲ್ 1ರಂದು ಜನ್ಮ ತಾಳಿತು. 2013ರ ಅಕ್ಟೋಬರ್ 1ರಂದು ಪ್ರತ್ಯೇಕ ಕಂಪನಿಯೆಂಬ ಸ್ಥಾನವನ್ನು ಕಳೆದುಕೊಂಡಿತು. ಐದೂವರೆ ವರ್ಷಗಳ ಅಲ್ಪಾಯುಷ್ಯದ ಈ ಸಂಸ್ಥೆಯ ಪ್ರಕಟಣೆಗಳು ಮುಖ್ಯವಾಗಿ ಮೂರು ಬಗೆಯವು. ಮಾಂಗಾ ಎಂದು ಪ್ರಸಿದ್ಧವಾದ ಚಿತ್ರಕಥೆಗಳು ಮೊದಲನೆಯವು. ತರುಣರಿಗಾಗಿ ಬರೆದ, ಸಂಭಾಷಣೆಯೇ ಪ್ರಧಾನವಾದ, ಮಾಂಗಾ ಶೈಲಿಯ ಚಿತ್ರಗಳನ್ನುಳ್ಳ, ಜೇಬಿನಲ್ಲಿ ಹಿಡಿಯುವ ಗಾತ್ರದ ಅಗ್ಗದ ಕಾದಂಬರಿಗಳು ಎರಡನೆಯವು. ಇವುಗಳಿಗೆ ಜಪಾನಿನಲ್ಲಿ ಲೈಟ್ ನಾವೆಲ್ ಎಂದು ಹೆಸರು. ಕಂಪ್ಯೂಟರ್ ಪತ್ರಿಕೆಗಳು ಮೂರನೆಯವು. ಮೇಲ್ನೋಟಕ್ಕೆ ಇವುಗಳಲ್ಲಿ ಪರಸ್ಪರ ಸಂಬಂಧ ಕಾಣುವುದಿಲ್ಲ. ಯಂತ್ರದ ವಿವರಗಳನ್ನು ಬಯಸುವವನಿಗೆ ಮಾಂತ್ರಿಕರ ಕಥೆಯಿಂದ ಆಗಬೇಕಾದುದೇನು? ಈ ಮೂರೂ ಒಂದೇ ಸೂರಿನಡಿ ಕೂಡಿದ್ದು ಹೇಗೆಂಬುದೇ ನಮ್ಮ ಪ್ರಶ್ನೆ.

ಸಾಮಾನ್ಯವಾಗಿ ದೊರೆಯುವ ಉತ್ತರ ಇಷ್ಟು: ಒಂದು ಪ್ರಸಿದ್ಧ ಪ್ರಕಾಶಕ ಮನೆತನದ ಅಣ್ಣತಮ್ಮಂದಿರು ಕಲಹವಾಡಿ ಬೇರೆಯಾದರು, ತಮ್ಮನು ತನ್ನದೇ ಆದ ಸಂಸ್ಥೆಯನ್ನು ಕಟ್ಟಿದನು, ಮುಂದೆ ಕಷ್ಟಕ್ಕೊಳಗಾದ ಒಂದು ಕಂಪ್ಯೂಟರ್ ಕಂಪನಿ ಅದರೊಡನೆ ಸೇರಿತು. ಇದರಲ್ಲಿ ಅಸತ್ಯವಾದುದು ಏನೂ ಇಲ್ಲ. ಆದರೆ ಕಾರಣಗಳಲ್ಲಿ ಉಪಾದಾನವೆಂದೂ ನಿಮಿತ್ತವೆಂದೂ ನಮ್ಮ ದಾರ್ಶನಿಕರು ಮಾಡುವ ಭೇದವನ್ನು ಇಲ್ಲಿ ನೆನೆಯಬೇಕು. ಗಡಿಗೆಗೆ ಕುಂಬಾರನು ನಿಮಿತ್ತ, ಮಣ್ಣು ಉಪಾದಾನ. ಸೋದರರ ಕಲಹ ನಿಮಿತ್ತವಾಗಿದ್ದಿರಬಹುದು. ಮಣ್ಣು ಎಲ್ಲಿಂದ ಬಂದಿತು?

2

ಕಡೊಕಾವಾ ಶೋತೆನ್ ಸಂಸ್ಥೆಯನ್ನು 1945ರ ನವೆಂಬರ್ ತಿಂಗಳಿನಲ್ಲಿ, ಮಹಾಯುದ್ಧ ಮುಗಿದು ಮೂರು ತಿಂಗಳು ತುಂಬುವುದರೊಳಗೆ, ಗೆನ್ಯೋಶಿ ಕಡೊಕಾವಾ ಸ್ಥಾಪಿಸಿದನು. ಈತ ವಿದ್ವಾಂಸ ಒರಿಕುಚಿ ಶಿನೋಬುವಿನ ಶಿಷ್ಯ. ಜಪಾನೀ ಸಾಹಿತ್ಯದ ಅಭ್ಯಾಸಿ. ಸ್ವತಃ ಹೈಕು ಕವಿ. 1949ರಲ್ಲಿ ಕಡೊಕಾವಾ ಬುಂಕೊ ಎಂಬ ಮಾಲೆ ಆರಂಭವಾಯಿತು. ಬುಂಕೊ ಎಂದರೆ ಕಿರುಗಾತ್ರದ ಸುಲಭ ಬೆಲೆಯ ಪುಸ್ತಕ. 1927ರಲ್ಲಿಯೇ ಇವಾನಾಮಿ ಸಂಸ್ಥೆ ಈ ರೂಪವನ್ನು ಜನಪ್ರಿಯಗೊಳಿಸಿತ್ತು. ಮುಂದೆ ಲೈಟ್ ನಾವೆಲ್‌ಗಳು ಪ್ರಕಟವಾದುದೂ ಈ ಬುಂಕೊ ರೂಪದಲ್ಲಿಯೇ. ಉತ್ತಮ ಸಾಹಿತ್ಯವನ್ನು ಬಡ ವಿದ್ಯಾರ್ಥಿಗೂ ಎಟುಕಿಸಬೇಕೆಂದು ಹುಟ್ಟಿದ ರೂಪವೊಂದು ಕಾಲಾಂತರದಲ್ಲಿ ಬೇರೊಂದು ಸಾಹಿತ್ಯಕ್ಕೆ ಆಶ್ರಯವಾಯಿತೆಂಬುದು ಗಮನಾರ್ಹ.

1975ರಲ್ಲಿ ಗೆನ್ಯೋಶಿ ತೀರಿಕೊಂಡ ಮೇಲೆ ಹಿರಿಯ ಮಗ ಹರುಕಿ ಅಧ್ಯಕ್ಷನಾದನು. ಯೋಕೊಮಿಜೊ ಸೇಶಿಯ ಪತ್ತೇದಾರಿ ಕಾದಂಬರಿಯೊಂದನ್ನು ಆಧರಿಸಿ, ಕೋನ್ ಇಚಿಕಾವಾನ ನಿರ್ದೇಶನದಲ್ಲಿ 1976ರಲ್ಲಿ ‘ಇನುಗಾಮಿ ಕುಟುಂಬ’ ಎಂಬ ಚಲನಚಿತ್ರವನ್ನು ಆತ ನಿರ್ಮಿಸಿದನು. ಚಿತ್ರ, ಪುಸ್ತಕ, ಸಂಗೀತ ಇವು ಮೂರೂ ಒಂದನ್ನೊಂದು ಮಾರುವಂತೆ ಪ್ರಚಾರವನ್ನು ಸಂಘಟಿಸುವುದು ಆತನ ನೀತಿಯಾಯಿತು. ಈ ಪದ್ಧತಿಗೆ ಮೀಡಿಯಾ ಮಿಕ್ಸ್ ಎಂಬ ಹೆಸರು ರೂಢಿಗೆ ಬಂದಿತು. ಇಲ್ಲಿ ಓದುಗನು ಗಿರಾಕಿ ಮಾತ್ರ. ಅವನಿಂದ ಅಪೇಕ್ಷಿತವಾದುದು ಕೊಳ್ಳುವ ಕಾರ್ಯವೊಂದೇ.

ಕಿರಿಯ ಮಗ ತ್ಸುಗುಹಿಕೊ ಹಿಡಿದ ದಾರಿ ಬೇರೆ. ಆತ ಗಮನವಿತ್ತದ್ದು ನಿಯತಕಾಲಿಕಗಳಿಗೆ. 1982ರಲ್ಲಿ ದೂರದರ್ಶನ ಕಾರ್ಯಕ್ರಮಗಳ ವಾರಪತ್ರಿಕೆ, 1983ರಲ್ಲಿ ಕಂಪ್ಯೂಟರ್ ಆಟಗಳ ಪತ್ರಿಕೆಯಾದ ‘ಕಾಂಪ್‌ಟಿಕ್’, 1985ರಲ್ಲಿ ಆನಿಮೇ ಚಿತ್ರಗಳ ಪತ್ರಿಕೆಯಾದ ‘ನ್ಯೂಟೈಪ್’ ಹೊರಬಂದವು. ಇವುಗಳಲ್ಲಿ ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದುದು ‘ಕಾಂಪ್‌ಟಿಕ್’. 1986ರಲ್ಲಿ ಈ ಪತ್ರಿಕೆಯಲ್ಲಿ ಒಂದು ವಿಚಿತ್ರ ಬರಹ ಧಾರಾವಾಹಿಯಾಗಿ ಪ್ರಕಟವಾಗತೊಡಗಿತು. ಕೆಲವರು ಗೆಳೆಯರು ಮೇಜಿನ ಸುತ್ತ ಕುಳಿತು, ಪ್ರತಿಯೊಬ್ಬನೂ ಒಂದೊಂದು ಪಾತ್ರವನ್ನು ವಹಿಸಿಕೊಂಡು, ದಾಳಗಳನ್ನು ಉರುಳಿಸುತ್ತ ಕಥೆಯನ್ನು ಮುಂದುವರಿಸುವ ಆಟವೊಂದುಂಟು. ಆ ಆಟದಲ್ಲಿ ನಡೆದ ಮಾತುಕತೆಯನ್ನೇ ಬರೆದು ಅಚ್ಚುಹಾಕಿದ್ದರು. ಇದು ನಾಟಕವೂ ಅಲ್ಲ, ಕಾದಂಬರಿಯೂ ಅಲ್ಲ. ‘ಲೊಡೊಸ್ ದ್ವೀಪದ ಯುದ್ಧವೃತ್ತಾಂತ’ ಎಂಬ ಈ ಬರಹ ಜನಪ್ರಿಯವಾಗಲು, ಆಟವನ್ನು ನಡೆಸಿದ ರ್ಯೋ ಮಿಜುನೊ 1988ರಲ್ಲಿ ಅದನ್ನು ಕಾದಂಬರಿಯ ರೂಪಕ್ಕೆ ತಂದನು. ಅದೂ ಬುಂಕೊ ಆಗಿಯೇ ಪ್ರಕಟವಾಯಿತು.

ಈ ಘಟನೆಯನ್ನು ಒಂದು ಸಂಧಿಕಾಲದ ಸೂಚನೆಯೆಂದು ನಾವು ಪರಿಗಣಿಸುತ್ತೇವೆ. ಆಡಿದವರೇ ಇಲ್ಲಿ ಕಥೆಗಾರರಾದರು. ಅದನ್ನು ಓದಿದವರಿಗೆ ತಾವೂ ಹಾಗೆ ಆಡಬಹುದೆಂದು, ಆಡಿದುದನ್ನು ಬರೆಯಬಹುದೆಂದು ತಿಳಿಯಿತು.

3

ಇದೇ ಮಣ್ಣಿನ ಇನ್ನೊಂದು ಪದರ ಬೇರೊಂದು ಕಡೆ ಸಿದ್ಧವಾಗುತ್ತಿದ್ದಿತು. 1977ರಲ್ಲಿ ವಸೇದಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಕಜುಹಿಕೊ ನಿಶಿ, ಅಕಿಯೊ ಗುಂಜಿ ಮತ್ತು ಕೇಯಿಚಿರೊ ತ್ಸುಕಾಮೊಟೊ ಎಂಬ ಮೂವರು ಸೇರಿ ಆಸ್ಕಿ ಸಂಸ್ಥೆಯನ್ನು ಕಟ್ಟಿದರು. ಅದೇ ವರ್ಷ ‘ಆಸ್ಕಿ’ ಮಾಸಪತ್ರಿಕೆ ಹೊರಬಂದಿತು. ಸಂಸ್ಥೆ ಪತ್ರಿಕೆಗಷ್ಟೇ ಸೀಮಿತವಾಗಿರಲಿಲ್ಲ. ಅದು 1986ರವರೆಗೆ ಅಮೆರಿಕದ ಮೈಕ್ರೋಸಾಫ್ಟ್ ಕಂಪನಿಗೆ ಜಪಾನಿನಲ್ಲಿ ಪ್ರತಿನಿಧಿಯಾಗಿದ್ದಿತು. 1983ರಲ್ಲಿ ಇವೆರಡೂ ಸೇರಿ ಎಂ.ಎಸ್.ಎಕ್ಸ್. ಎಂಬ ಮಾದರಿಯನ್ನು ಘೋಷಿಸಿದವು. ಬೇರೆ ಬೇರೆ ಕಾರ್ಖಾನೆಗಳ ಗೃಹೋಪಯೋಗಿ ಕಂಪ್ಯೂಟರುಗಳೆಲ್ಲವೂ ಒಂದೇ ಪ್ರೋಗ್ರಾಮನ್ನು ನಡೆಸುವಂತಿರಬೇಕೆಂಬುದು ಇದರ ಗುರಿ.

ಆ ಕಾಲದ ಕಂಪ್ಯೂಟರ್ ಪತ್ರಿಕೆಯ ಸ್ವರೂಪವನ್ನು ಇಂದಿನ ವಿದ್ಯಾರ್ಥಿಗೆ ವಿವರಿಸಬೇಕಾಗುತ್ತದೆ. ಪುಟಗಟ್ಟಲೆ ಪ್ರೋಗ್ರಾಂಗಳನ್ನು ಅದರಲ್ಲಿ ಅಚ್ಚುಹಾಕುತ್ತಿದ್ದರು. ಓದುಗನು ಅದನ್ನು ಅಕ್ಷರಕ್ಷರವಾಗಿ ತನ್ನ ಯಂತ್ರಕ್ಕೆ ತುಂಬಬೇಕು, ಒಂದು ಅಕ್ಷರ ತಪ್ಪಿದರೂ ಆಟ ನಡೆಯದು, ತಪ್ಪನ್ನು ಹುಡುಕಬೇಕು. ಹುಡುಕುತ್ತ ಹುಡುಕುತ್ತ ಅದರ ಒಳಮರ್ಮ ತಿಳಿದು, ತಾನೇ ಒಂದನ್ನು ರಚಿಸಿ ಪತ್ರಿಕೆಗೆ ಕಳುಹಿಸುವಷ್ಟು ನೈಪುಣ್ಯ ಬರುತ್ತಿದ್ದಿತು. ಕೇವಲ ಕಣ್ಣಿನಿಂದ ಓದಿ ಮುಗಿಸುವ ಪತ್ರಿಕೆ ಇದಾಗಿರಲಿಲ್ಲ. ಕೈಯಿಂದ ಓದುವ ಪತ್ರಿಕೆಯಾಗಿದ್ದಿತು.

ಆಸ್ಕಿಯವರ ಇತರ ಪತ್ರಿಕೆಗಳಲ್ಲಿಯೂ ಇದೇ ಮನೋಧರ್ಮವನ್ನು ಕಾಣಬಹುದು. 1982ರಲ್ಲಿ ‘ಲಾಗಿನ್’, 1986ರಲ್ಲಿ ‘ಫ್ಯಾಮಿಕಾಂ ತ್ಸೂಶಿನ್’ ಹೊರಬಂದವು. ‘ಫ್ಯಾಮಿಕಾಂ ತ್ಸೂಶಿನ್’ನಲ್ಲಿ ಪ್ರತಿ ಹೊಸ ಆಟಕ್ಕೆ ನಾಲ್ವರು ವಿಮರ್ಶಕರು ತಲಾ 10ರಂತೆ ಒಟ್ಟು 40 ಅಂಕಗಳಿಗೆ ಬೆಲೆಕಟ್ಟುವ ಪದ್ಧತಿ ಪ್ರಸಿದ್ಧವಾಯಿತು. 1992ರಲ್ಲಿ ಸಂಸ್ಥೆ, ಪ್ರೋಗ್ರಾಂ ಬರೆಯಲು ತಿಳಿಯದವನೂ ಸ್ವಂತ ಆಟವೊಂದನ್ನು ಕಟ್ಟಬಹುದಾದ ಉಪಕರಣವನ್ನು ಮಾರಾಟಕ್ಕಿಟ್ಟಿತು. ಅದರ ಹೆಸರಿನಲ್ಲಿರುವ ‘ತ್ಸುಕೂರು’ ಎಂಬ ಪದದಲ್ಲಿ, ರಚಿಸು ಎಂಬರ್ಥದ ಜಪಾನೀ ಕ್ರಿಯಾಪದವೂ ಉಪಕರಣ ಎಂಬರ್ಥದ ಇಂಗ್ಲಿಷ್ ಪದವೂ ಬೆರೆತಿವೆ. ಇಡೀ ಯುಗದ ಸ್ವಭಾವವೇ ಈ ಶ್ಲೇಷೆಯಲ್ಲಿ ಅಡಗಿದೆಯೆಂದರೆ ಉತ್ಪ್ರೇಕ್ಷೆಯಾಗದು.

4

ಇನ್ನು ಸೋದರಕಲಹದ ವಿಚಾರ. 1992ರ ಸೆಪ್ಟೆಂಬರಿನಲ್ಲಿ ತ್ಸುಗುಹಿಕೊ ಅಣ್ಣನೊಡನೆ ವಿರಸವುಂಟಾಗಿ ಕಡೊಕಾವಾ ಸಂಸ್ಥೆಯನ್ನು ಬಿಟ್ಟನು. ಅಕ್ಟೋಬರಿನಲ್ಲಿ ಮೀಡಿಯಾ ವರ್ಕ್ಸ್ ಎಂಬ ಹೊಸ ಸಂಸ್ಥೆ ಸ್ಥಾಪಿತವಾಯಿತು. ಪತ್ರಿಕೆಗಳನ್ನು ನಡೆಸುತ್ತಿದ್ದ ಸಂಪಾದಕರಲ್ಲಿ ಅನೇಕರು ಆತನನ್ನು ಹಿಂಬಾಲಿಸಿದರು. ಹೊಸ ಸಂಸ್ಥೆಯ ಪುಸ್ತಕಗಳು ಅಂಗಡಿಗಳನ್ನು ತಲಪಿದ್ದು ಶುಫುನೊತೊಮೊ ಎಂಬ ಬೇರೊಂದು ಪ್ರಕಾಶನದ ಮೂಲಕ. ‘ದೆಂಗೆಕಿ’, ಅಂದರೆ ವಿದ್ಯುದಾಘಾತ, ಎಂಬ ಹೆಸರನ್ನು ಹೊತ್ತ ಆಟದ ಪತ್ರಿಕೆಗಳೂ ಮಾಂಗಾ ಪತ್ರಿಕೆಗಳೂ ಬೇಗಬೇಗನೆ ಹೊರಟವು. 1993ರ ಜೂನ್ ತಿಂಗಳಲ್ಲಿ ದೆಂಗೆಕಿ ಬುಂಕೊ ಆರಂಭವಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಹರುಕಿ ಮಾದಕವಸ್ತುವಿನ ಪ್ರಕರಣದಲ್ಲಿ ಬಂಧಿತನಾಗಲು, ತಮ್ಮನು ಕಡೊಕಾವಾ ಸಂಸ್ಥೆಗೆ ಅಧ್ಯಕ್ಷನಾಗಿ ಹಿಂದಿರುಗಿದನು. ಕಲಹದ ಕಾರಣ ವರ್ಷದೊಳಗೇ ಇಲ್ಲವಾಯಿತು. ಆದರೂ ಮೀಡಿಯಾ ವರ್ಕ್ಸ್ ಮುಚ್ಚಲಿಲ್ಲ. ನಿಮಿತ್ತ ಮರೆಯಾದ ಮೇಲೂ ಗಡಿಗೆ ನಿಂತಿತೆಂದರೆ, ಅದರ ಗಟ್ಟಿತನ ಮಣ್ಣಿನದೆಂದೇ ಊಹಿಸಬೇಕಲ್ಲವೆ?

ಈ ಊಹೆಗೆ ಪ್ರಬಲವಾದ ಆಧಾರ ಸಂಸ್ಥೆ ಏರ್ಪಡಿಸಿದ ಕಾದಂಬರಿ ಸ್ಪರ್ಧೆಯಲ್ಲಿದೆ. ಪ್ರಸಿದ್ಧ ಲೇಖಕರು ಹೊಸ ಸಂಸ್ಥೆಗೆ ಸುಲಭವಾಗಿ ದೊರೆಯರು. ಆದುದರಿಂದ ಅದು ತನ್ನ ಓದುಗರನ್ನೇ ಬರೆಯಲು ಕರೆಯಿತು. 1994ರಲ್ಲಿ ಮೊದಲ ಬಹುಮಾನಗಳು ಘೋಷಿತವಾದಾಗ ಈ ಸ್ಪರ್ಧೆಗೆ ‘ದೆಂಗೆಕಿ ಗೇಮ್ ಕಾದಂಬರಿ ಪುರಸ್ಕಾರ’ವೆಂದು ಹೆಸರು. ಮೊದಲ ವರ್ಷ ಬಹುಮಾನಿತವಾದ ಕೃತಿಗಳಲ್ಲೊಂದರ ವಸ್ತು, ಯಂತ್ರವು ಸೃಷ್ಟಿಸಿದ ಆಟದ ಲೋಕದೊಳಗೆ ಸಿಕ್ಕಿಬಿದ್ದ ಆಟಗಾರರ ಪಾಡು. 1997ರ ಮಹಾಬಹುಮಾನ ಪಡೆದ ಕೋಹೆಯಿ ಕದೊನೊನ ‘ಬೂಗಿಪಾಪ್’ ಮರುವರ್ಷ ಪ್ರಕಟವಾಗಿ ಲೈಟ್ ನಾವೆಲಿನ ದಿಕ್ಕನ್ನೇ ಬದಲಿಸಿತು. ಒಂದು ಶಾಲೆಯಲ್ಲಿ ನಡೆದ ಭಯಾನಕ ಘಟನೆಯನ್ನು ಹಲವು ಪಾತ್ರಗಳು ತುಂಡುತುಂಡಾಗಿ ಹೇಳುವ ಈ ಕಾದಂಬರಿಯಲ್ಲಿ ಖಡ್ಗವೂ ಇಲ್ಲ, ದುರ್ಗವೂ ಇಲ್ಲ. 2004ರಿಂದ ಪುರಸ್ಕಾರದ ಹೆಸರಿನಲ್ಲಿದ್ದ ‘ಗೇಮ್’ ಎಂಬ ಪದವನ್ನು ಕೈಬಿಟ್ಟರು. ಆಟದ ಪತ್ರಿಕೆಯ ಮಡಿಲಲ್ಲಿ ಬೆಳೆದ ಕೂಸು ಸ್ವಂತ ಕಾಲಿನ ಮೇಲೆ ನಿಂತಿತೆಂಬುದಕ್ಕೆ ಈ ಒಂದು ಪದದ ಲೋಪವೇ ಸಾಕ್ಷಿ.

5

ಇತ್ತ ಆಸ್ಕಿಯ ದೆಸೆ ಇಳಿಮುಖವಾಗಿದ್ದಿತು. ಮಿತಿಮೀರಿದ ವಿಸ್ತರಣೆಯಿಂದ ತೊಂದರೆಗೊಳಗಾದ ಅದು 1990ರ ದಶಕದ ಕೊನೆಯಲ್ಲಿ ಸಿ.ಎಸ್.ಕೆ. ಎಂಬ ಕಂಪನಿಯ ನೆರವಿಗೆ ಮೊರೆಹೋಗಬೇಕಾಯಿತು. ಆಟದ ಪತ್ರಿಕೆಗಳು 2000ದಲ್ಲಿ ಎಂಟರ್‌ಬ್ರೇನ್ ಎಂಬ ಪ್ರತ್ಯೇಕ ಸಂಸ್ಥೆಗೆ ಹೋದವು. 2004ರಲ್ಲಿ ಆಸ್ಕಿ ಕಡೊಕಾವಾ ಬಳಗಕ್ಕೆ ಸೇರಿತು. ನಾಲ್ಕು ವರ್ಷಗಳ ಅನಂತರ ಆಸ್ಕಿಯೂ ಮೀಡಿಯಾ ವರ್ಕ್ಸೂ ಐಕ್ಯವಾದಾಗ ಕಾನೂನಿನ ದೃಷ್ಟಿಯಲ್ಲಿ ಉಳಿದುಕೊಂಡದ್ದು ಮೀಡಿಯಾ ವರ್ಕ್ಸ್; ಹೆಸರಿನಲ್ಲಿ ಮೊದಲು ಬಂದದ್ದು ಆಸ್ಕಿ. ಕಿರಿಯದು ಹಿರಿಯದನ್ನು ನುಂಗಿ ಹಿರಿಯದರ ಹೆಸರನ್ನು ಮುಡಿದುಕೊಂಡಿತು.

ಈ ಐಕ್ಯಕಾಲದ ಪ್ರಾತಿನಿಧಿಕ ಕೃತಿ ರೇಕಿ ಕವಹಾರಾನ ‘ಸ್ವೋರ್ಡ್ ಆರ್ಟ್ ಆನ್‌ಲೈನ್’. ಇದೂ ಆಟದ ಲೋಕದೊಳಗೆ ಸೆರೆಯಾದವರ ಕಥೆಯೇ. ಲೇಖಕನು ಇದನ್ನು 2002ರಲ್ಲಿ ದೆಂಗೆಕಿ ಸ್ಪರ್ಧೆಗೆಂದೇ ಬರೆದನು; ಬರಹ ನಿಯಮಿತ ಪುಟಗಳನ್ನು ಮೀರಿದುದರಿಂದ ಕಳುಹಿಸದೆ, ಗುಪ್ತನಾಮದಿಂದ ಅಂತರ್ಜಾಲದಲ್ಲಿ ಪ್ರಕಟಿಸಿದನು. 2008ರಲ್ಲಿ ಆತನ ಬೇರೊಂದು ಕೃತಿಗೆ ಮಹಾಬಹುಮಾನ ಬಂದಿತು. ಅದರ ಬೆನ್ನಿಗೇ, 2009ರ ಏಪ್ರಿಲಿನಲ್ಲಿ, ಹಳೆಯ ಕೃತಿಯೂ ಪುಸ್ತಕವಾಯಿತು. 2011ರಲ್ಲಿ ತ್ಸುತೊಮು ಸಾತೊ ಎಂಬಾತನ ಅಂತರ್ಜಾಲ ಕಾದಂಬರಿಯೂ ದೆಂಗೆಕಿ ಬುಂಕೊ ಸೇರಿತು. ಓದುಗನು ಬರಹಗಾರನಾಗುವ ಕ್ರಿಯೆ ಪತ್ರಿಕೆಯನ್ನೂ ಸ್ಪರ್ಧೆಯನ್ನೂ ದಾಟಿ ಹೊರಗೆ ಹರಿದದ್ದು ಇಲ್ಲಿ ಸ್ಪಷ್ಟವಾಗುತ್ತದೆ.

2013ರಲ್ಲಿ ಕಡೊಕಾವಾ ತನ್ನ ಒಂಬತ್ತು ಅಂಗಸಂಸ್ಥೆಗಳನ್ನು ಒಂದೇ ಕಂಪನಿಯಲ್ಲಿ ಲೀನಗೊಳಿಸಿತು. ಅವುಗಳಲ್ಲಿ ಆಸ್ಕಿ ಮೀಡಿಯಾ ವರ್ಕ್ಸ್ ಒಂದು. ಹೆಸರು ಮುದ್ರೆಯಾಗಿ ಉಳಿಯಿತು. 1997ರಲ್ಲಿ ಆರಂಭವಾಗಿದ್ದ ‘ವಾರದ ಆಸ್ಕಿ’ 2015ರ ಮೇ ತಿಂಗಳಲ್ಲಿ ಕಾಗದವನ್ನು ತೊರೆದು ವಿದ್ಯುನ್ಮಾನ ರೂಪಕ್ಕೆ ಸರಿಯಿತು. 2016ರಲ್ಲಿ ಕಡೊಕಾವಾ, ಯಾರಾದರೂ ಕಥೆ ಬರೆದು ಪ್ರಕಟಿಸಬಹುದಾದ ‘ಕಕುಯೊಮು’ ಎಂಬ ಜಾಲತಾಣವನ್ನು ತೆರೆಯಿತು. ಈ ಹೆಸರಿನ ಅರ್ಥ ‘ಬರೆ, ಓದು’ ಎಂದು.

6

ಮಾಂಗಾ, ಲೈಟ್ ನಾವೆಲ್, ಕಂಪ್ಯೂಟರ್ ಪತ್ರಿಕೆ ಇವು ಮೂರೂ ಒಂದೆಡೆ ಕೂಡಿದ್ದು ಸೋದರಕಲಹದ ಅಥವಾ ವ್ಯಾಪಾರದ ಆಕಸ್ಮಿಕವಲ್ಲವೆಂದು ಈ ಪರಿಶೀಲನೆಯಿಂದ ವ್ಯಕ್ತವಾಗುತ್ತದೆ. 1980ರ ದಶಕದ ಪತ್ರಿಕೆಗಳು ಕೈಯಾಡಿಸುವ ಓದುಗನೆಂಬ ಒಂದು ಹೊಸ ವರ್ಗವನ್ನು ಬೆಳೆಸಿದವು. ಮೂರೂ ಬಗೆಯ ಪ್ರಕಟಣೆಗಳು ಆ ಓದುಗನ ಮೂರು ಅಭಿರುಚಿಗಳು. ಅವನೇ ಉಪಾದಾನ.

ಈ ನಿರ್ಣಯಕ್ಕೆ ಒಂದು ಆಕ್ಷೇಪವನ್ನು ಎತ್ತಬಹುದು: ಓದುಗನನ್ನು ಬರೆಯಿಸಿ ಲಾಭ ಪಡೆದದ್ದು ಕಂಪನಿಯೇ ಅಲ್ಲವೆ? ಆಕ್ಷೇಪ ನ್ಯಾಯವಾದುದು. ಓದುಗನ ಕೃತಿ ಗೆದ್ದೊಡನೆ ಅದು ಮಾಂಗಾ ಆಗಿ, ಆನಿಮೇ ಆಗಿ, ಆಟವಾಗಿ, ಹರುಕಿ ಆರಂಭಿಸಿದ ಮೀಡಿಯಾ ಮಿಕ್ಸ್‌ನ ಯಂತ್ರಕ್ಕೆ ಸಿಕ್ಕುತ್ತದೆ. ಆದರೆ ಹರುಕಿಯ ಕಾಲದಲ್ಲಿ ಯಂತ್ರವು ಓದುಗನನ್ನು ಹುಡುಕಬೇಕಾಗಿದ್ದಿತು; ತರುವಾಯದಲ್ಲಿ ಯಂತ್ರವೇ ಓದುಗನನ್ನು ಅವಲಂಬಿಸಿತು. ಈ ವ್ಯತ್ಯಾಸ ಸಣ್ಣದಲ್ಲ.

ಕೊನೆಯದಾಗಿ, ಚರಿತ್ರೆಯ ವಿದ್ಯಾರ್ಥಿಗಳ ಗಮನಕ್ಕೆ ಒಂದು ಮಾತು. ಕಾದಂಬರಿಗಳು ಮರುಮುದ್ರಣವಾಗುತ್ತವೆ, ಗ್ರಂಥಾಲಯಗಳಲ್ಲಿ ಉಳಿಯುತ್ತವೆ. ಅವನ್ನು ಹುಟ್ಟಿಸಿದ ಪತ್ರಿಕೆಗಳನ್ನಾದರೋ ತಿಂಗಳು ಕಳೆದೊಡನೆ ರದ್ದಿಗೆ ಹಾಕುತ್ತಾರೆ. ಓದುಗರ ಪತ್ರಗಳು, ಅವರು ಕಳುಹಿಸಿದ ಪ್ರೋಗ್ರಾಂಗಳು, ಸ್ಪರ್ಧೆಯ ಪ್ರಕಟಣೆಗಳು, ಜಾಹೀರಾತುಗಳು ಇರುವುದು ಆ ರದ್ದಿಯಲ್ಲಿಯೇ. ಶಾಸನವನ್ನು ಕಾಪಾಡುವಷ್ಟೇ ಶ್ರದ್ಧೆಯಿಂದ ಹಳೆಯ ಪತ್ರಿಕೆಯ ಸಂಚಿಕೆಯನ್ನು ಕಾಪಾಡದಿದ್ದಲ್ಲಿ, ಮುಂದಿನ ಚರಿತ್ರಕಾರನಿಗೆ ಕುಂಬಾರನ ಹೆಸರು ಮಾತ್ರ ದೊರೆತೀತು. ಮಣ್ಣಿನ ಗುರುತು ಸಿಕ್ಕದು.