ಗೇರು, ಸಿಸಿ, ವ್ಯಾಟ್: ಎಳೆಯ ಸವಾರರ ಕಾನೂನು ಬೆಳೆದ ಬಗೆ

ಎಳೆಯ ವಯಸ್ಸಿನವರ ಕೈಗೆ ಯಾವ ಗಾಡಿ ಕೊಡಬಹುದು ಎಂಬುದನ್ನು ಭಾರತದ ಕಾನೂನು ಒಂದೊಂದು ಕಾಲಕ್ಕೆ ಒಂದೊಂದು ಅಳತೆಯಿಂದ ತೀರ್ಮಾನಿಸಿದೆ. 1988ರ ಮೋಟಾರು ವಾಹನ ಕಾಯ್ದೆ ಚಾಲನೆಗೆ 18 ವರ್ಷ ತುಂಬಿರಬೇಕೆಂದು ವಿಧಿಸಿ, ಗೇರಿಲ್ಲದ ಮೋಟಾರ್ ಸೈಕಲ್ಲಿಗೆ ಮಾತ್ರ 16 ಸಾಕೆಂದಿತು. 1994ರ ತಿದ್ದುಪಡಿ ಗೇರಿನ ಮಾತು ಬಿಟ್ಟು ಎಂಜಿನ್ನಿನ ಗಾತ್ರ ಹಿಡಿಯಿತು: 50 ಸಿಸಿ ಮೀರಬಾರದು. 1972ರಲ್ಲಿ ಬಂದ ಲೂನಾ ಮೊಪೆಡ್, 1980ರಲ್ಲಿ ಬೆಂಗಳೂರಿನ ನೆರೆಯ ಹೊಸೂರಿನಿಂದ ಹೊರಟ ಟಿವಿಎಸ್ 50 ಈ ಅಳತೆಯ ಗಾಡಿಗಳೇ. ಆಮೇಲೆ ಮೊಪೆಡ್ಡುಗಳು 70, 100 ಸಿಸಿಗೆ ಬೆಳೆದವು. ರಿಯಾಯಿತಿ ಕಾಯ್ದೆಯಲ್ಲಿ ಉಳಿಯಿತು, ಅದಕ್ಕೆ ಒಪ್ಪುವ ಗಾಡಿ ಅಂಗಡಿಯಲ್ಲಿ ಸಿಗದಾಯಿತು.

ಬ್ಯಾಟರಿ ಗಾಡಿ ಬಂದಾಗ ಸಿಸಿ ಲೆಕ್ಕವೇ ಸಲ್ಲದಾಯಿತು. ವಿದ್ಯುತ್ ಮೋಟಾರಿನಲ್ಲಿ ಅಳೆಯಲು ಸಿಲಿಂಡರೇ ಇಲ್ಲ. ಹಾಗಾಗಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಹೊಸ ವ್ಯಾಖ್ಯೆ ಸೇರಿತು. ಮೋಟಾರಿನ 30 ನಿಮಿಷದ ಶಕ್ತಿ 250 ವ್ಯಾಟ್‌ಗಿಂತ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆಯಿದ್ದು, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಮೀರದೆ, ಅಧಿಕೃತ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಪಡೆದ ದ್ವಿಚಕ್ರ ಗಾಡಿ ಕಾನೂನಿನ ಕಣ್ಣಿಗೆ ಮೋಟಾರು ವಾಹನವೇ ಅಲ್ಲ. ಅದಕ್ಕೆ ಚಾಲನಾ ಪರವಾನಗಿ (ಡಿಎಲ್) ಬೇಡ, ನೋಂದಣಿ ಬೇಡ, ವಿಮೆಯೂ ಕಡ್ಡಾಯವಲ್ಲ.

ಮಕ್ಕಳ ದೃಷ್ಟಿಯಿಂದ ಈ ವಿನಾಯಿತಿಯಲ್ಲಿ ದೊಡ್ಡ ಕೊರತೆಯಿದೆ. ಡಿಎಲ್ ಬೇಡವಾದಾಗ ಕಲಿಕಾ ಪರವಾನಗಿಯ (ಎಲ್‌ಎಲ್‌ಆರ್) ಪರೀಕ್ಷೆಗಾಗಿ ರಸ್ತೆಯ ಚಿಹ್ನೆ, ಸಂಚಾರದ ನಿಯಮ ಓದಿಕೊಳ್ಳುವ ಪ್ರಸಂಗವೂ ತಪ್ಪಿಹೋಗುತ್ತದೆ. ಕಾಯ್ದೆಯ 129ನೇ ಸೆಕ್ಷನ್ನಿನ ಹೆಲ್ಮೆಟ್ ನಿಯಮ ಕೂಡ ಮೋಟಾರ್ ಸೈಕಲ್ ಸವಾರರನ್ನು ಕುರಿತದ್ದು. ಆದರೆ 25 ಕಿ.ಮೀ. ವೇಗದಲ್ಲಿ ಬಿದ್ದ ತಲೆಗೂ ಡಾಂಬರು ಅಷ್ಟೇ ಗಟ್ಟಿ. ಕಾನೂನು ಕೇಳದಿದ್ದರೂ ಮನೆಯವರು ಹೆಲ್ಮೆಟ್ ಹಾಕಿಸಲೇಬೇಕು.

ವೇಗದ ಮಿತಿ ತೆಗೆಸಿದ ಗಾಡಿಯ ಕತೆ ಬೇರೆ. 25 ದಾಟಿದರೆ ಈ ವಿನಾಯಿತಿ ಇಲ್ಲ. ಅದು ಮೋಟಾರು ವಾಹನ, ಅದೂ ನೋಂದಣಿ, ವಿಮೆ ಎರಡೂ ಇಲ್ಲದ್ದು. 2019ರ ತಿದ್ದುಪಡಿ ತಂದ 199ಎ ಸೆಕ್ಷನ್ನಿನಂತೆ, ಅಪ್ರಾಪ್ತರು ಮೋಟಾರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ವಾಹನಕ್ಕೆ ನೋಂದಣಿ ಇದ್ದರೆ ಅದು 12 ತಿಂಗಳು ರದ್ದಾಗುತ್ತದೆ. ಓಡಿಸಿದ ಹುಡುಗ ಅಥವಾ ಹುಡುಗಿಗೆ 25 ವರ್ಷ ತುಂಬುವವರೆಗೆ ಡಿಎಲ್ ಸಿಗುವುದಿಲ್ಲ.