ಹತ್ತು ಸಾವಿರ ಸಲ ಯುದ್ಧ ಮಾಡಿಸಿದರೆ ಹೊನ್ನಾವರ ಗೆಲ್ಲುತ್ತಿತ್ತೇ?

ನಮ್ಮ ಹೊನ್ನಾವರ, ಕುಮಟಾ, ಭಟ್ಕಳದ ಕಡೆ ಪೋರ್ಚುಗೀಸರ ವಿಷಯ ಬಂದರೆ ಒಂದು ಮಾತು ಬರದೇ ಇರುವುದಿಲ್ಲ. "ಅವರ ಹತ್ರ ಫಿರಂಗಿ ಇತ್ತು, ನಮ್ಮ ಹತ್ರ ಇರ್ಲಿಲ್ಲ, ಅದ್ಕೇ ಸೋತ್ವಿ." ಮುಗಿಯಿತು! ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸ ಒಂದೇ ಸಾಲಿನಲ್ಲಿ ಇತ್ಯರ್ಥ. ಆನ್‌ಲೈನ್ ಗೇಮ್ ಆಡುವ ಹುಡುಗರ ಬಾಯಲ್ಲಾದರೆ ಇದೇ ಮಾತು ಇನ್ನೂ ಚಿಕ್ಕದು: "ಅವರ ಗೇರ್ ಚೆನ್ನಾಗಿತ್ತು."

ನಾನೂ ಆಡುವವನೇ, ಹಾಗಾಗಿ ಈ ಎರಡನೇ ಉತ್ತರವನ್ನು ಸ್ವಲ್ಪ ಗಂಭೀರವಾಗಿ ತೆಗೆದುಕೊಂಡೆ. ಗೇರ್ ಅಂದರೆ ಕತ್ತಿ, ಕವಚ, ಉಂಗುರ ಇತ್ಯಾದಿ ಸಲಕರಣೆ. ಯಾವ ಸಲಕರಣೆ ಮೇಲು ಅಂತ ಅಳೆಯಲು ನಮ್ಮಂಥವರ ಹತ್ತಿರ ಒಂದು ಯಂತ್ರವೇ ಇದೆ, ಅದರ ಹೆಸರು ಸಿಮ್ಯುಲೇಟರ್. ಅದನ್ನು ಇಟ್ಟುಕೊಂಡು ನಮ್ಮೂರಿನ ಇತಿಹಾಸ ಓದಿದರೆ ಏನು ಕಾಣುತ್ತದೆ? ಈ ಬರಹ ಅದರ ಬಗ್ಗೆ. ಗೇಮ್ ಗೊತ್ತಿಲ್ಲದವರು ಹೆದರಬೇಡಿ, ಲೆಕ್ಕ ಏಳನೇ ಕ್ಲಾಸಿನದ್ದು :)

ಮೊದಲು ಎರಡು ಕತ್ತಿ

ಒಂದು ಕತ್ತಿ 2 ಸೆಕೆಂಡಿಗೊಮ್ಮೆ 100 ಅಂಕದ ಪೆಟ್ಟು ಕೊಡುತ್ತದೆ. ಇನ್ನೊಂದು 3.6 ಸೆಕೆಂಡಿಗೊಮ್ಮೆ 180 ಅಂಕದ ಪೆಟ್ಟು. ಭಾಗಿಸಿ ನೋಡಿ, ಎರಡೂ ಸೆಕೆಂಡಿಗೆ 50. ಅಂದರೆ ಎರಡೂ ಒಂದೇ ಅಂತೀರಾ? ಎದುರಾಳಿಗೆ 190 ಅಂಕದ ಜೀವ ಇದೆ ಅಂತಿಟ್ಟುಕೊಳ್ಳಿ. ಇಬ್ಬರಿಗೂ ಎರಡೆರಡು ಪೆಟ್ಟು ಬೇಕು. ಮೊದಲ ಪೆಟ್ಟಿನಿಂದ ಎಣಿಸಿದರೆ ಚಿಕ್ಕ ಕತ್ತಿಯವನು 2 ಸೆಕೆಂಡಿನಲ್ಲಿ ಮುಗಿಸುತ್ತಾನೆ, ದೊಡ್ಡ ಕತ್ತಿಯವನಿಗೆ 3.6 ಸೆಕೆಂಡ್. ಅದೇ ಎದುರಾಳಿಗೆ 300 ಅಂಕದ ಜೀವ ಇದ್ದರೆ? ಚಿಕ್ಕದಕ್ಕೆ ಮೂರು ಪೆಟ್ಟು, 4 ಸೆಕೆಂಡ್. ದೊಡ್ಡದಕ್ಕೆ ಎರಡೇ ಪೆಟ್ಟು, 3.6 ಸೆಕೆಂಡ್. ಅಂದರೆ "ಒಳ್ಳೆಯ ಕತ್ತಿ ಯಾವುದು" ಎಂಬ ಪ್ರಶ್ನೆಗೆ ಉತ್ತರ ಕತ್ತಿಯಲ್ಲಿ ಇಲ್ಲ, ಎದುರಾಳಿಯಲ್ಲಿದೆ!

ನಿಜವಾದ ಆಟದಲ್ಲಿ ಪೆಟ್ಟು ತಪ್ಪುವುದುಂಟು, ದುಪ್ಪಟ್ಟಾಗುವುದುಂಟು, ಹತ್ತಾರು ಮಂತ್ರ ಒಂದರ ಮೇಲೊಂದು ಬೀಳುವುದುಂಟು. ಕೈಲೆಕ್ಕ ಸಾಲದು. ಅದಕ್ಕೇ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಡುವವರು 'ಸಿಮ್ಯುಲೇಷನ್ ಕ್ರಾಫ್ಟ್' ಎಂಬ ಮುಕ್ತ ತಂತ್ರಾಂಶ ಕಟ್ಟಿದರು. ನಿಮ್ಮ ಪಾತ್ರದ ಸಲಕರಣೆಯ ಪಟ್ಟಿ ಕೊಟ್ಟರೆ ಅದು ಅದೇ ಯುದ್ಧವನ್ನು ಸಾವಿರಾರು ಸಲ, ಬೇಕಾದರೆ ಹತ್ತು ಸಾವಿರ ಸಲ, ಪ್ರತಿ ಸಲ ಹೊಸದಾಗಿ ದಾಳ ಹಾಕಿ ಆಡಿ, ಸರಾಸರಿ ತೆಗೆದು ಹೇಳುತ್ತದೆ. ಉಂಗುರ ಬದಲಿಸಿ ಮತ್ತೆ ಓಡಿಸಿ, ವ್ಯತ್ಯಾಸ ನೋಡಿ. ಅಷ್ಟೇ.

ಈ ವಿದ್ಯೆ ಗೇಮ್ ಹುಡುಗರದ್ದಲ್ಲ. ಪ್ರಷ್ಯಾದ ಸೈನ್ಯದಲ್ಲಿ ರೈಸ್ವಿಟ್ಸ್ ಎಂಬ ಅಧಿಕಾರಿ 1824ರಲ್ಲೇ ನಕಾಶೆ ಮತ್ತು ದಾಳ ಇಟ್ಟುಕೊಂಡು 'ಕ್ರೀಗ್‌ಸ್ಪೀಲ್' ಎಂಬ ಯುದ್ಧದಾಟ ಪ್ರಕಟಿಸಿದ. ಇಂಗ್ಲೆಂಡಿನ ಎಂಜಿನಿಯರ್ ಲ್ಯಾಂಚೆಸ್ಟರ್ 1916ರ ತನ್ನ ಪುಸ್ತಕದಲ್ಲಿ ಕಾಳಗಕ್ಕೆ ಸಮೀಕರಣ ಬರೆದ. 1940ರ ದಶಕದಲ್ಲಿ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಉಲಾಮ್ ಮತ್ತು ವಾನ್ ನಾಯ್ಮನ್ ಸೇರಿ ಈ 'ಸಾವಿರ ಸಲ ದಾಳ ಹಾಕಿ ಸರಾಸರಿ ತೆಗೆ' ವಿಧಾನವನ್ನು ಕಂಪ್ಯೂಟರಿಗೆ ತಂದರು, ಅದಕ್ಕೆ ಮಾಂಟೆ ಕಾರ್ಲೋ ಅಂತ ಹೆಸರು ಬಂತು. 1974ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಬಂತು. ಪಾತ್ರಕ್ಕೆ ಇಂತಿಷ್ಟು ಅಂಕದ ಜೀವ ಎಂಬ ಕಲ್ಪನೆಯನ್ನು ಹಳೆಯ ಹಡಗು ಯುದ್ಧದ ಆಟದಿಂದ ತಂದೆ ಅಂತ ಅದರ ಇಬ್ಬರು ಕರ್ತೃಗಳಲ್ಲಿ ಒಬ್ಬರಾದ ಡೇವ್ ಆರ್ನೆಸನ್ ಹೇಳಿಕೊಂಡಿದ್ದರು. ನನಗೆ ಭಾರೀ ಖುಷಿ ಕೊಟ್ಟ ಸಂಗತಿ ಇದು. ಮಂತ್ರವಾದಿ, ರಾಕ್ಷಸ ಎಲ್ಲ ಆಮೇಲೆ, ಮೊದಲು ಬಂದದ್ದು ಹಡಗು. ಹಾಗಿದ್ದ ಮೇಲೆ ನಮ್ಮ ಕರಾವಳಿಗೆ ಈ ಲೆಕ್ಕ ಹಚ್ಚುವುದು ತೀರಾ ತಲೆಹರಟೆಯೇನೂ ಅಲ್ಲ, ಅಲ್ಲವೇ?

ಲ್ಯಾಂಚೆಸ್ಟರ್ ಮತ್ತು ಶರಾವತಿ ಅಳಿವೆ

ಲ್ಯಾಂಚೆಸ್ಟರ್ ಹೇಳಿದ್ದು ಇಷ್ಟು. ದೂರದಿಂದ ಗುಂಡು ಹಾರಿಸುವ ಬಯಲು ಯುದ್ಧದಲ್ಲಿ ಎಲ್ಲರೂ ಎಲ್ಲರಿಗೂ ಹೊಡೆಯಬಹುದು. ಅಲ್ಲಿ ಬಲ ಅಂದರೆ ತಲೆಯೆಣಿಕೆಯ ವರ್ಗ. ಒಂದೇ ಥರದ ಆಯುಧ ಹಿಡಿದ 100 ಜನ 50 ಜನರ ಮೇಲೆ ಬಿದ್ದರೆ, 50 ಜನ ಪೂರ್ತಿ ಸಾಯುವ ಹೊತ್ತಿಗೆ ಈ ಕಡೆ ಸುಮಾರು 86 ಜನ ಉಳಿದಿರುತ್ತಾರೆ. ಆ 50 ಜನ ಸಮ ಆಗಬೇಕಾದರೆ ಅವರ ಆಯುಧ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಒಳ್ಳೆಯದಿರಬೇಕು. ಆದರೆ ಓಣಿಯಂಥ ಇಕ್ಕಟ್ಟಿನಲ್ಲಿ ಒಬ್ಬನಿಗೊಬ್ಬ ಎದುರಾದರೆ ವರ್ಗದ ಲೆಕ್ಕ ಬಿದ್ದುಹೋಗುತ್ತದೆ, ಎರಡು ಪಟ್ಟು ಸಾಕು.

ಈಗ ಶರಾವತಿ ಸಮುದ್ರ ಸೇರುವ ಜಾಗ ನೆನಪಿಸಿಕೊಳ್ಳಿ. ಬಾಯಲ್ಲಿ ಮರಳ ದಿಬ್ಬ, ಒಳಗೆ ಅಗಲವಾದ ಹಿನ್ನೀರು. ದೊಡ್ಡ ಹಡಗು ಹೊರಗೇ ನಿಲ್ಲಬೇಕು, ಒಳಗೆ ಬರುವುದು ಸಣ್ಣ ದೋಣಿಗಳಲ್ಲಿ. ಫಿರಂಗಿಗೆ ಬಯಲು ಸಮುದ್ರದಲ್ಲಿ ಸಿಗುವ ಲಾಭ ಇಲ್ಲಿ ತಗ್ಗುತ್ತದೆ. 1505ರಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಫ್ರಾನ್ಸಿಸ್ಕೋ ದ ಅಲ್ಮೇಡಾ ಹೊನ್ನಾವರದ ಮೇಲೆ ಬಿದ್ದು ಹಡಗುಗಳನ್ನು ಸುಟ್ಟ. ಆದರೆ ಆ ಗಲಾಟೆಯಲ್ಲಿ ಖುದ್ದು ವೈಸ್‌ರಾಯನಿಗೇ ಬಾಣ ತಗುಲಿತು ಅಂತ ಅವರ ಇತಿಹಾಸಕಾರರೇ ಬರೆದಿಟ್ಟಿದ್ದಾರೆ. ಫಿರಂಗಿಯ ಯಜಮಾನ ಬಿಲ್ಲಿನ ಅಳತೆಯೊಳಗೆ ಬಂದಿದ್ದ! ಇಕ್ಕಟ್ಟು ಅಂದರೆ ಇದು.

ಆಗ ಹೊನ್ನಾವರದ ದೋಣಿಪಡೆಯ ನಾಯಕ ತಿಮ್ಮೋಜ, ಪೋರ್ಚುಗೀಸರ ಬಾಯಲ್ಲಿ 'ಟಿಮೋಜ'. ಇವನು ಅಷ್ಟು ಮುಂಚೆಯೇ, ವಾಸ್ಕೋ ಡ ಗಾಮ 1498ರಲ್ಲಿ ಅಂಜದೀವ ದ್ವೀಪದ ಹತ್ತಿರ ಇದ್ದಾಗ, ಎಂಟು ದೋಣಿಗಳನ್ನು ಒಂದಕ್ಕೊಂದು ಕಟ್ಟಿ ಮೇಲೆ ಸೊಪ್ಪು ಹೊದಿಸಿ, ತೇಲುವ ನಡುಗಡ್ಡೆಯಂತೆ ಮಾಡಿಕೊಂಡು ಬಂದ ಅಂತ ಪೋರ್ಚುಗೀಸ್ ಇತಿಹಾಸಗಳು ಹೇಳುತ್ತವೆ. ಗಾಮನಿಗೆ ಅನುಮಾನ ಬಂದು ಗುಂಡು ಹಾರಿಸಿದ್ದಕ್ಕೆ ದೋಣಿಗಳು ಚದುರಿದವಂತೆ. ಸೋಲೇ ಇರಲಿ, ಗಮನಿಸಿ: ತನ್ನ ಗೇರ್ ಕಡಿಮೆ ಅಂತ ತಿಮ್ಮೋಜನಿಗೆ ಗೊತ್ತಿತ್ತು. ಗೊತ್ತಿದ್ದಕ್ಕೇ ಅಂತರವನ್ನು ಕಡಿಮೆ ಮಾಡುವ ಉಪಾಯ ಹುಡುಕಿದ.

ಸಿಮ್ಯುಲೇಟರ್‌ಗೆ ಮಳೆ ಗೊತ್ತಿಲ್ಲ

ಸಿಮ್ಯುಲೇಷನ್ ಕ್ರಾಫ್ಟ್‌ನಲ್ಲಿ ನೀವು ಬೇರೆ ಏನೂ ಹೇಳದಿದ್ದರೆ ಅದು ಆಡುವ ಯುದ್ಧದ ಹೆಸರು 'ಪ್ಯಾಚ್‌ವರ್ಕ್'. ಆಟದ ಒಬ್ಬ ರಾಕ್ಷಸನ ಹೆಸರದು. ಅವನ ವಿಶೇಷ ಏನೆಂದರೆ ನಿಂತಲ್ಲಿಂದ ಕದಲುವುದಿಲ್ಲ, ಸುಮ್ಮನೆ ಹೊಡೆಸಿಕೊಳ್ಳುತ್ತಾನೆ. ಸುಮಾರು 5 ನಿಮಿಷ, ಎದುರಿಗೆ ನಿಂತು, ಊಟ ನೀರು ಮಳೆ ಗಾಳಿ ಯಾವುದರ ಚಿಂತೆಯೂ ಇಲ್ಲದ ಯುದ್ಧ. ಗೇರ್ ಹೋಲಿಸಲು ಇದೇ ಬೇಕು, ಯಾಕೆಂದರೆ ಬೇರೆಲ್ಲವನ್ನೂ ಸ್ಥಿರ ಇಟ್ಟರೆ ಮಾತ್ರ ಗೇರಿನ ವ್ಯತ್ಯಾಸ ಕಾಣುತ್ತದೆ. ಆದರೆ ಆ ಬೇರೆಲ್ಲವೇ ಇತಿಹಾಸ!

1510 ನೋಡಿ. ಅಲ್ಬುಕರ್ಕ್ ಬೇರೆಲ್ಲಿಗೋ ಹೊರಟಿದ್ದವನು. ಗೋವೆ ಈಗ ಸುಲಭ, ಅಲ್ಲಿಗೆ ಹೋಗೋಣ ಅಂತ ತಲೆ ತಿರುಗಿಸಿದ್ದು ನಮ್ಮ ತಿಮ್ಮೋಜ. ಫೆಬ್ರವರಿಯಲ್ಲಿ ಗೋವೆ ಸಿಕ್ಕಿತು. ಮೇ ತಿಂಗಳಲ್ಲಿ ಆದಿಲಶಾಹಿ ಸೈನ್ಯ ತಿರುಗಿ ಬಂದು ಓಡಿಸಿತು. ಅದೇ ಜನ, ಅದೇ ಫಿರಂಗಿ, ಅದೇ ಹಡಗು. ಆದರೆ ಮಳೆಗಾಲ ಶುರುವಾಗಿ ಮಾಂಡೋವಿಯ ಬಾಯಿ ಮುಚ್ಚಿತ್ತು. ಹೊರಗೆ ಸಮುದ್ರಕ್ಕೂ ಹೋಗಲಾರದೆ ದಡಕ್ಕೂ ಹತ್ತಲಾರದೆ ಆಗಸ್ಟ್‌ವರೆಗೆ ನದಿಯಲ್ಲೇ ಸಿಕ್ಕಿಬಿದ್ದರು. ಹಸಿವಿಗೆ ಇಲಿ ತಿಂದರು, ಪೆಟ್ಟಿಗೆಯ ಚರ್ಮ ಬೇಯಿಸಿ ತಿಂದರು ಅಂತ ಅವರದ್ದೇ ದಾಖಲೆ. ಮಳೆ ಕಳೆದ ಮೇಲೆ ನವೆಂಬರ್ 25ಕ್ಕೆ ಗೋವೆಯನ್ನು ಮತ್ತೆ ಹಿಡಿದರು. ಒಂದೇ ಗೇರ್, ಒಂದೇ ವರ್ಷ, ಮೂರು ಬೇರೆ ಬೇರೆ ಫಲಿತಾಂಶ.

1542ರಲ್ಲಿ ಭಟ್ಕಳ. ಕಪ್ಪ ಕೊಡಲಿಲ್ಲವೆಂದು ಗವರ್ನರ್ ಮಾರ್ಟಿಮ್ ಅಫೊನ್ಸೊ ದ ಸೋಜ ದಂಡೆತ್ತಿ ಬಂದ. ಊರು ಲೂಟಿಯಾಯಿತು. ಆದರೆ ನಡುವೆ ಒಂದು ಘಟನೆ: ಕೊಳ್ಳೆ ಹಂಚಿಕೊಳ್ಳುವಾಗ ಪೋರ್ಚುಗೀಸ್ ಸಿಪಾಯಿಗಳು ತಮ್ಮತಮ್ಮಲ್ಲೇ ಜಗಳಕ್ಕೆ ಬಿದ್ದರು, ಅದೇ ಸಮಯ ಸಾಧಿಸಿ ಭಟ್ಕಳದ ರಾಣಿಯ ಕಡೆಯವರು ಮೇಲೆಬಿದ್ದು ಓಡಿಸಿದರು ಎನ್ನುತ್ತಾರೆ ಪೋರ್ಚುಗೀಸ್ ಇತಿಹಾಸಕಾರರು. ಮರುದಿನ ಸೇಡು ತೀರಿಸಿಕೊಂಡರು, ಅದು ಬೇರೆ ಮಾತು. ಆನ್‌ಲೈನ್ ಆಟದಲ್ಲಿ ಗಿಲ್ಡ್‌ಗಳು ಒಡೆಯುವುದೂ ಹೀಗೆಯೇ. ರಾಕ್ಷಸ ಸತ್ತ ಮೇಲೆ ಕತ್ತಿ ಯಾರಿಗೆ ಅಂತ :)

ಇನ್ನೊಂದು, ಹೊನ್ನಾವರದ ಕೋಟೆ. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸ್‌ನ ಇಂಗ್ಲಿಷ್ ಪಡೆ ಇದನ್ನು ಹಿಡಿಯಿತು. ಆಮೇಲೆ ಟಿಪ್ಪುವಿನ ಸೈನ್ಯ ಮುತ್ತಿತು. ಒಳಗೆ ಕ್ಯಾಪ್ಟನ್ ಟೊರಿಯಾನೊ. ಜೇಮ್ಸ್ ಫೋರ್ಬ್ಸ್ 1813ರಲ್ಲಿ ತಂದ 'ಓರಿಯೆಂಟಲ್ ಮೆಮಾಯರ್ಸ್'ನಲ್ಲಿ ಈ ಮುತ್ತಿಗೆಯ ಕಥೆ ವಿವರವಾಗಿದೆ. ಯುದ್ಧವಿರಾಮ ಆದ ಮೇಲೂ ಕೋಟೆಗೆ ದಿಗ್ಬಂಧನ ಇತ್ತು. ಕಾಯಿಲೆ, ಹಸಿವು, ಬಿಟ್ಟು ಓಡಿಹೋಗುವವರು... 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಿಂದ ವಿಷಯ ಬಗೆಹರಿಯಿತು. ಅಲ್ಲಿ ಅಕ್ಕಿಯ ಮುಂದೆ ಫಿರಂಗಿಯ ಆಟ ನಡೆಯಲಿಲ್ಲ.

ಕುದುರೆ ಎಂಬ ಗೇರ್

ಇಷ್ಟು ಹೇಳಿ 'ಗೇರ್ ಮುಖ್ಯವೇ ಅಲ್ಲ' ಅಂತ ತೀರ್ಪು ಕೊಡುವವನಲ್ಲ ನಾನು. ಗೇರ್ ಬಹಳ ಮುಖ್ಯ ಅಂತ ಆ ಕಾಲದವರಿಗೆ ಚೆನ್ನಾಗಿ ಗೊತ್ತಿತ್ತು. ಅವರು ನೋಡಿದ ರೀತಿ ಬೇರೆ.

ವಿಜಯನಗರಕ್ಕೆ ಬೇಕಿದ್ದದ್ದು ಕುದುರೆ. ಅದು ಬರುತ್ತಿದ್ದದ್ದು ಹೊರ್ಮುಜ್, ಏಡನ್ ಕಡೆಯಿಂದ, ಇಳಿಯುತ್ತಿದ್ದದ್ದು ಭಟ್ಕಳ, ಹೊನ್ನಾವರದಂಥ ಬಂದರುಗಳಲ್ಲಿ. ವಾಪಸು ಹೋಗುವ ಹಡಗಿನಲ್ಲಿ ಅಕ್ಕಿ, ಸಕ್ಕರೆ, ಕಬ್ಬಿಣ. ನ್ಯೂನಿಜ್ ಎಂಬ ಪೋರ್ಚುಗೀಸ್ ವ್ಯಾಪಾರಿ ಬರೆಯುತ್ತಾನೆ: ಸಾಳುವ ನರಸಿಂಹ ಮೂರು ಕುದುರೆಗೆ ಸಾವಿರ ಪರ್ದಾವ್ ಕೊಡುತ್ತಿದ್ದ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಪೂರ್ತಿ ದುಡ್ಡು! ಹುಚ್ಚು ದೊರೆ ಅಂದುಕೊಂಡಿರಾ? ಯೋಚಿಸಿ. ಸತ್ತರೆ ನಷ್ಟ ವ್ಯಾಪಾರಿಯದು ಅಂದರೆ ಅವನು ಮುಂದಿನ ವರ್ಷ ಕುದುರೆ ತರುವುದಿಲ್ಲ, ಅಥವಾ ಪಕ್ಕದ ರಾಜ್ಯಕ್ಕೆ ಮಾರುತ್ತಾನೆ. ಇದು ಇನ್ಶೂರೆನ್ಸ್ ಸ್ವಾಮಿ! ಮುಂದೆ ರಾಯರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರು ಅಂತಲೂ ಅವನೇ ಬರೆದಿದ್ದಾನೆ, ಹೊರ್ಮುಜಿನವೂ ನಾಡಕುದುರೆಗಳೂ ಸೇರಿ. ಪ್ರತಿ ವರ್ಷ ಕೊಳ್ಳಬೇಕು ಅಂದರೆ ಅದು ಒಮ್ಮೆ ಗಳಿಸಿ ಇಟ್ಟುಕೊಳ್ಳುವ ಕತ್ತಿಯಲ್ಲ, ಖರ್ಚಾಗುತ್ತಲೇ ಇರುವ ದೀಪದೆಣ್ಣೆ.

1547ರಲ್ಲಿ ವಿಜಯನಗರಕ್ಕೂ ಪೋರ್ಚುಗೀಸರಿಗೂ ಒಂದು ಒಪ್ಪಂದವಾಯಿತು. ಗೋವೆಗೆ ಬಂದ ಕುದುರೆ ವಿಜಯನಗರಕ್ಕೆ ಮಾತ್ರ, ಬಿಜಾಪುರಕ್ಕಿಲ್ಲ. ಬದಲಿಗೆ ವಿಜಯನಗರ ತನ್ನ ಕಬ್ಬಿಣ ಮತ್ತು ಪೆಟ್ಲುಪ್ಪು ಬಿಜಾಪುರಕ್ಕೆ ಹೋಗದಂತೆ ತಡೆಯಬೇಕು, ವ್ಯಾಪಾರಿಗಳು ಸರಕನ್ನು ಅಂಕೋಲೆ, ಹೊನ್ನಾವರಕ್ಕೆ ತಂದು ಪೋರ್ಚುಗೀಸರಿಗೆ ಮಾರಬೇಕು. ಪೆಟ್ಲುಪ್ಪು ಅಂದರೆ ಮದ್ದುಗುಂಡಿನ ಜೀವ. ಅದಿಲ್ಲದೆ ಫಿರಂಗಿ ಬರೀ ಕಂಚಿನ ಕೊಳವೆ.

ಈಗ ನಮ್ಮ ಊರಿನ ಆ ಮಾತಿಗೆ ಏನು ಗತಿ? "ಅವರ ಹತ್ರ ಫಿರಂಗಿ ಇತ್ತು." ಸರಿ, ಮದ್ದಿನ ಉಪ್ಪು ಯಾರದ್ದು? ಹಡಗಿನಲ್ಲಿ ಉಣ್ಣುವ ಅಕ್ಕಿ ಯಾರದ್ದು? ಗೋವೆಯ ದಾರಿ ತೋರಿಸಿದ್ದು ಯಾರು? ನನಗೆ ಆ ಮಾತು ಚುಚ್ಚುವುದು ಇಲ್ಲೇ. ಅದು ಕೇಳಲು ವಿನಯದ ಹಾಗಿದೆ, ಆದರೆ ನಮ್ಮ ಹಿರಿಯರನ್ನು ಪ್ಯಾಚ್‌ವರ್ಕ್ ಮಾಡಿ ನಿಲ್ಲಿಸುತ್ತದೆ. ಕದಲದೆ ನಿಂತು ಪೆಟ್ಟು ತಿಂದವರು ಅಂತ. ಅವರು ಹಾಗಿರಲಿಲ್ಲ. ಲೆಕ್ಕ ಹಾಕಿದರು, ಮಾರಿದರು, ಕಪ್ಪ ನಿಲ್ಲಿಸಿದರು, ಕೈ ಜೋಡಿಸಿದರು, ಕೆಲವು ಸಲ ಪಕ್ಕದ ರಾಜನಿಗೆ ಹೊಟ್ಟೆಯುರಿಸಲು ದೂರದವನನ್ನು ಮನೆಗೆ ಕರೆದರು. ಅದರಲ್ಲಿ ಜಾಣತನವೂ ಇತ್ತು, ತಪ್ಪೂ ಇತ್ತು. ತಪ್ಪು ಮಾಡುವ ಹಕ್ಕನ್ನೂ ಕಿತ್ತುಕೊಂಡರೆ ಅವರಿಗೆ ಇತಿಹಾಸವೇ ಉಳಿಯುವುದಿಲ್ಲ.

ಹಾಗಾದರೆ ಹತ್ತು ಸಾವಿರ ಸಲ ಆಡಿಸಿದರೆ ಹೊನ್ನಾವರ ಗೆಲ್ಲುತ್ತಿತ್ತೇ? ಬಯಲು ಸಮುದ್ರದಲ್ಲಿ, ಡಿಸೆಂಬರಿನಲ್ಲಿ, ಹಡಗಿಗೆ ಹಡಗು ಎದುರಾದರೆ ಬಹುಪಾಲು ಸಲ ಸೋಲು, ಅದರಲ್ಲಿ ಅನುಮಾನ ಬೇಡ. ಅಳಿವೆಯೊಳಗೆ, ಜುಲೈ ತಿಂಗಳಲ್ಲಿ, ಅಕ್ಕಿ ಕೊಡಲ್ಲ ಅಂತ ಮೂರು ಊರೂ ಒಟ್ಟಾಗಿ ಕೂತರೆ ಕಥೆ ಬೇರೆ. ಆ 'ಒಟ್ಟಾಗಿ' ಎಂಬುದಕ್ಕೆ ಸಿಮ್ಯುಲೇಟರ್‌ನಲ್ಲಿ ಅಂಕಣ ಇಲ್ಲ.

ಕುಮಟಾದವರಿಗೊಂದು ಕೋರಿಕೆ. 17ನೇ ಶತಮಾನದಲ್ಲಿ ನಿಮ್ಮ ಮಿರ್ಜಾನ ಬಂದರಿನಿಂದ ಸೂರತ್ತಿಗೆ ಕಾಳುಮೆಣಸು, ಅಡಿಕೆಯ ಜೊತೆ ಪೆಟ್ಲುಪ್ಪೂ ಹೋಗುತ್ತಿತ್ತು. ಮೆಣಸಿನ ರಾಣಿ ಚೆನ್ನಭೈರಾದೇವಿಯ ನೆನಪು ಎಲ್ಲರಿಗೂ ಇದೆ. ಆ ಉಪ್ಪಿನ ಮೂಟೆ ಹೊತ್ತವರ ಬಗ್ಗೆ, ಅದು ಘಟ್ಟ ಇಳಿದು ಬಂದ ದಾರಿಯ ಬಗ್ಗೆ ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಏನಾದರೂ ಮಾತು ಉಳಿದಿದ್ದರೆ ದಯವಿಟ್ಟು ಬರೆಯಿರಿ. ಮೆಣಸಿನ ಕಥೆ ಸಾಕಷ್ಟಾಯಿತು, ಇನ್ನು ಉಪ್ಪಿನದ್ದು ಆಗಲಿ.