ಷೆರ್ಲಾಕ್: ಬಿಬಿಸಿ ಟೆಲಿವಿಷನ್ ಸರಣಿಯೂ ಅದರ ಪ್ರೇಕ್ಷಕರ ಭಿನ್ನಮತವೂ

ಷೆರ್ಲಾಕ್: ಬ್ರಿಟನ್ನಿನ ಬಿಬಿಸಿ ಒನ್ ವಾಹಿನಿಯಲ್ಲಿ 2010ರಿಂದ 2017ರವರೆಗೆ ಪ್ರಸಾರವಾದ ಪತ್ತೇದಾರಿ ಸರಣಿ. ಆರ್ಥರ್ ಕಾನನ್ ಡಾಯ್ಲ್ ಸೃಷ್ಟಿಸಿದ ಷೆರ್ಲಾಕ್ ಹೋಮ್ಸ್‌ನನ್ನು ಇದು ಇಪ್ಪತ್ತೊಂದನೆಯ ಶತಮಾನದ ಲಂಡನ್ನಿಗೆ ತಂದಿತು. ಹೋಮ್ಸ್ ಪಾತ್ರದಲ್ಲಿ ಬೆನೆಡಿಕ್ಟ್ ಕಂಬರ್‌ಬ್ಯಾಚ್, ಡಾಕ್ಟರ್ ಜಾನ್ ವಾಟ್ಸನ್ ಪಾತ್ರದಲ್ಲಿ ಮಾರ್ಟಿನ್ ಫ್ರೀಮನ್ ನಟಿಸಿದರು. ಸೀಸನ್ನಿಗೆ ಮೂರರಂತೆ ನಾಲ್ಕು ಸೀಸನ್, ನಡುವೆ 2016ರ ಹೊಸವರ್ಷಕ್ಕೆ ಒಂದು ವಿಶೇಷ ಕಂತು, ಹೀಗೆ ಒಟ್ಟು 13 ಕಂತುಗಳು. ಒಂದೊಂದೂ ಸುಮಾರು ಒಂದೂವರೆ ಗಂಟೆಯದು. ಮೊದಲ ಎರಡು ಸೀಸನ್‌ಗಳನ್ನು ಬಹುಮಂದಿ ಒಂದೇ ದನಿಯಲ್ಲಿ ಮೆಚ್ಚಿದರು. ಆಮೇಲಿನವು ಅದೇ ಪ್ರೇಕ್ಷಕರನ್ನು ಎರಡು ಪಾಳಯ ಮಾಡಿದವು. ಪತ್ತೇದಾರಿ ಕಥೆ ನೋಡುವವನಿಗೆ ಕೊಡಬೇಕಾದದ್ದು ಏನು ಎಂಬುದೇ ಆ ಜಗಳದ ತಿರುಳು.

ಸ್ಟೀವನ್ ಮೊಫಾಟ್ ಮತ್ತು ಮಾರ್ಕ್ ಗೇಟಿಸ್ ಇದರ ಕರ್ತೃಗಳು. 'ಡಾಕ್ಟರ್ ಹೂ' ಸರಣಿಗೆ ಬರೆಯುತ್ತಿದ್ದ ದಿನಗಳಲ್ಲಿ ಲಂಡನ್ನಿಗೂ ಕಾರ್ಡಿಫ್‌ಗೂ ನಡುವೆ ರೈಲಿನಲ್ಲಿ ಓಡಾಡುತ್ತ ಇಬ್ಬರೂ ಈ ಯೋಚನೆಯನ್ನು ಬೆಳೆಸಿದರು. ಮೊದಲು ಒಂದು ಗಂಟೆಯ ಪ್ರಾಯೋಗಿಕ ಕಂತನ್ನು ಚಿತ್ರಿಸಲಾಯಿತು. ಬಿಬಿಸಿ ಅದನ್ನು ಪ್ರಸಾರ ಮಾಡದೆ ತೊಂಬತ್ತು ನಿಮಿಷಗಳ ಮೂರು ಕಂತುಗಳನ್ನು ಬಯಸಿತು. ಹಾಗೆ ಹೊಸದಾಗಿ ಮಾಡಿದ 'ಎ ಸ್ಟಡಿ ಇನ್ ಪಿಂಕ್' 2010ರ ಜುಲೈ 25ರಂದು ತೆರೆಗೆ ಬಂತು. ಹೋಮ್ಸ್‌ನನ್ನು ಹೊಸ ಕಾಲಕ್ಕೆ ಎಳೆದು ತಂದದ್ದೇ ಅಪಚಾರ ಎಂಬ ಆಕ್ಷೇಪ ಹೆಚ್ಚು ದಿನ ನಿಲ್ಲಲಿಲ್ಲ. 1940ರ ದಶಕದಲ್ಲಿ ಬ್ಯಾಸಿಲ್ ರಾತ್‌ಬೋನ್ ನಟಿಸಿದ ಚಿತ್ರಗಳಲ್ಲೇ ಹೋಮ್ಸ್ ಹಿಟ್ಲರನ ಗೂಢಚಾರರನ್ನು ಹಿಡಿದಿದ್ದ. ಮೊಫಾಟ್ ಮತ್ತು ಗೇಟಿಸ್‌ಗೆ ಆ ಚಿತ್ರಗಳೆಂದರೆ ಅಚ್ಚುಮೆಚ್ಚು.

ಮೂಲ ಕಥೆಗಳನ್ನು ಓದಿದವರೂ ಈ ಸರಣಿಗೆ ಮನಸೋತದ್ದಕ್ಕೆ ಕಾರಣವಿದೆ. 1887ರ ಮೊದಲ ಕಾದಂಬರಿಯಲ್ಲಿ ವಾಟ್ಸನ್ ಅಫ್ಘಾನಿಸ್ತಾನದ ಯುದ್ಧದಲ್ಲಿ ಗಾಯಗೊಂಡು ಮರಳಿದ ಸೇನಾ ವೈದ್ಯ. 2010ರಲ್ಲೂ ಅವನನ್ನು ಹಾಗೆಯೇ ತೋರಿಸಲು ಒಂದಕ್ಷರ ಬದಲಿಸಬೇಕಾಗಲಿಲ್ಲ. 'ದಿ ಸೈನ್ ಆಫ್ ಫೋರ್' ಕಾದಂಬರಿಯಲ್ಲಿ ಹೋಮ್ಸ್ ಒಂದು ಗಡಿಯಾರಕ್ಕೆ ಕೀಲಿ ಕೊಡುವ ತೂತಿನ ಸುತ್ತಲಿನ ಗೀರುಗಳನ್ನು ನೋಡಿ ಅದರ ಒಡೆಯ ಕುಡುಕನೆಂದು ಹೇಳುತ್ತಾನೆ. ಸರಣಿಯಲ್ಲಿ ಗಡಿಯಾರದ ಜಾಗಕ್ಕೆ ಮೊಬೈಲ್ ಬಂತು, ಕೀಲಿತೂತಿನ ಜಾಗಕ್ಕೆ ಚಾರ್ಜರ್ ಸಿಕ್ಕಿಸುವ ಕಂಡಿ ಬಂತು. ತರ್ಕ ಮಾತ್ರ ಅದೇ. ಫೋನಿನ ಮೇಲೆ ಕೆತ್ತಿದ 'ಹ್ಯಾರಿ' ಎಂಬ ಹೆಸರು ನೋಡಿ ವಾಟ್ಸನ್‌ಗೆ ಅಣ್ಣನೋ ತಮ್ಮನೋ ಇದ್ದಾನೆಂದು ಹೋಮ್ಸ್ ಊಹಿಸುತ್ತಾನೆ. ಹ್ಯಾರಿ ಎಂದರೆ ಹ್ಯಾರಿಯೆಟ್, ಅವನ ಸೋದರಿ. ಡಾಯ್ಲ್‌ನನ್ನು ಬಲ್ಲವನಿಗೂ ಅಚ್ಚರಿ, ಅರಿಯದವನಿಗೂ ಅಚ್ಚರಿ. ಹೋಮ್ಸ್‌ನ ಯೋಚನೆಗಳನ್ನೂ ಫೋನಿಗೆ ಬರುವ ಸಂದೇಶಗಳನ್ನೂ ಪರದೆಯ ಮೇಲೆ ಅಕ್ಷರವಾಗಿ ತೇಲಿಸಿದ್ದರಿಂದ ಪ್ರೇಕ್ಷಕ ಪತ್ತೇದಾರನ ತಲೆಯೊಳಗೇ ಕೂತು ನೋಡುವಂತಾಯಿತು. ಆಮೇಲೆ ಬಂದ ಎಷ್ಟೋ ಸರಣಿಗಳಲ್ಲಿ ಈ ತಂತ್ರ ಕಾಣುತ್ತದೆ.

ಈ ಆರಂಭದ ಕಂತುಗಳೂ ದೋಷಮುಕ್ತವಲ್ಲ. ಎರಡನೆಯ ಕಂತು 'ದಿ ಬ್ಲೈಂಡ್ ಬ್ಯಾಂಕರ್' ಚೀನೀಯರನ್ನು ಸರ್ಕಸ್ಸು, ಕಳ್ಳಸಾಗಣೆ, ರಹಸ್ಯ ಲಿಪಿಗಳ ಹಳೆಯ ಅಚ್ಚಿನಲ್ಲೇ ಎರಕ ಹೊಯ್ದಿತ್ತು. 2012ರ ಜನವರಿ 1ರಂದು ಬಂದ 'ಎ ಸ್ಕ್ಯಾಂಡಲ್ ಇನ್ ಬೆಲ್‌ಗ್ರೇವಿಯಾ' ಇನ್ನೂ ದೊಡ್ಡ ವಾದ ಎಬ್ಬಿಸಿತು. ಡಾಯ್ಲ್‌ನ 1891ರ ಕಥೆಯಲ್ಲಿ ಐರಿನ್ ಆಡ್ಲರ್ ಹೋಮ್ಸ್‌ನನ್ನು ಸೋಲಿಸಿ ಹೊರಟುಹೋಗುತ್ತಾಳೆ. ಅವಳ ಹಿರಿಮೆ ಇರುವುದೇ ಆ ಗೆಲುವಿನಲ್ಲಿ. ಸರಣಿಯಲ್ಲಿ ಅವಳ ಫೋನಿನ ಗುಪ್ತಪದ ಹೋಮ್ಸ್‌ನ ಹೆಸರಿನಲ್ಲೇ ಅಡಗಿರುತ್ತದೆ, ಪ್ರೀತಿಯೇ ಅವಳನ್ನು ಸೋಲಿಸುತ್ತದೆ, ಕೊನೆಗೆ ಕರಾಚಿಯಲ್ಲಿ ಅವಳ ತಲೆ ಉಳಿಸುವವನೂ ಹೋಮ್ಸೇ. ನೂರಿಪ್ಪತ್ತು ವರ್ಷಗಳ ಹಿಂದಿನ ಕಥೆಗಿಂತ ಹೊಸ ಕಥೆ ಹೆಣ್ಣಿಗೆ ಕಡಿಮೆ ಕೊಟ್ಟಿತು ಎಂದು ಹಲವರು ಬರೆದರು. ಆ ಕಂತಿನ ಸಂಭಾಷಣೆ, ಲಾರಾ ಪಲ್ವರ್ ಅವರ ನಟನೆ ಎಷ್ಟೇ ಚೆನ್ನಾಗಿದ್ದರೂ ಈ ಟೀಕೆ ನ್ಯಾಯವಾದದ್ದೇ.

ಎರಡನೆಯ ಸೀಸನ್ನಿನ ಕೊನೆಯ ಕಂತು 'ದಿ ರೈಕನ್‌ಬಾಕ್ ಫಾಲ್'ನಲ್ಲಿ ಹೋಮ್ಸ್ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ಮಾಳಿಗೆಯಿಂದ ಹಾರುತ್ತಾನೆ. ವಾಟ್ಸನ್ ಅವನ ಸಮಾಧಿಯ ಮುಂದೆ ಅಳುತ್ತಾನೆ. ದೂರದಲ್ಲಿ ಹೋಮ್ಸ್ ಜೀವಂತ ನಿಂತಿದ್ದಾನೆ. 1893ರಲ್ಲಿ ಡಾಯ್ಲ್ ಹೋಮ್ಸ್‌ನನ್ನು ಜಲಪಾತಕ್ಕೆ ಕೆಡವಿದಾಗ ಸ್ಟ್ರಾಂಡ್ ಪತ್ರಿಕೆಯ ಓದುಗರು ಸಿಟ್ಟಾಗಿ ಚಂದಾ ನಿಲ್ಲಿಸಿದರೆಂಬುದು ಪ್ರಸಿದ್ಧ ಕಥೆ. ಈ ಸಲದ ಪ್ರೇಕ್ಷಕರು ಸಿಟ್ಟಾಗಲಿಲ್ಲ, ತನಿಖೆಗೆ ಇಳಿದರು. ಆಂಬುಲೆನ್ಸ್ ನಿಂತ ಜಾಗ, ಸೈಕಲ್ ಸವಾರ ಗುದ್ದಿದ ಕ್ಷಣ, ಬೀದಿಯಲ್ಲಿದ್ದ ಲಾರಿ, ಒಂದನ್ನೂ ಬಿಡದೆ ಅಳೆದರು. ಆಸ್ಪತ್ರೆಯ ಬಳಿಯ ಕೆಂಪು ಟೆಲಿಫೋನ್ ಗೂಡಿಗೆ ಹೋಮ್ಸ್‌ನ ಮೇಲೆ ನಂಬಿಕೆ ಸಾರುವ ಚೀಟಿಗಳನ್ನು ಅಂಟಿಸಿದರು. ಪ್ರೇಕ್ಷಕರನ್ನೇ ಪತ್ತೇದಾರರನ್ನಾಗಿಸಿದ ಈ ಎರಡು ವರ್ಷ ಸರಣಿಯ ಅತ್ಯಂತ ದೊಡ್ಡ ಸಾಧನೆ. ಮುಂದಿನ ನಿರಾಸೆಗೆ ಬೀಜ ಬಿದ್ದದ್ದೂ ಆಗಲೇ.

2014ರ ಜನವರಿ 1ರ 'ದಿ ಎಂಪ್ಟಿ ಹರ್ಸ್' ಉತ್ತರ ಕೊಡಬೇಕಿತ್ತು. ಅದು ಒಂದರ ಬದಲು ಮೂರು ಉತ್ತರ ಕೊಟ್ಟಿತು. ಎರಡು ಅಭಿಮಾನಿಗಳ ಕಲ್ಪನೆಯವು, ಮೂರನೆಯದು ಹೋಮ್ಸ್ ತಾನೇ ಹೇಳುವುದು, ಅದನ್ನೂ ಕೇಳಿದ ಪೊಲೀಸರ ವಿಧಿವಿಜ್ಞಾನ ತಜ್ಞ ಆಂಡರ್ಸನ್ ನಂಬುವುದಿಲ್ಲ. ಹೇಗೆ ಬದುಕಿದ ಎಂಬುದು ಮುಖ್ಯವಲ್ಲ, ಗೆಳೆಯನಿಗೆ ಎಂಥ ನೋವು ಕೊಟ್ಟ ಎಂಬುದೇ ಮುಖ್ಯ ಎನ್ನುವುದು ಬರಹಗಾರರ ನಿಲುವು. ತಮ್ಮದು ಪತ್ತೇದಾರಿಕೆಯ ಕಥೆಯಲ್ಲ, ಒಬ್ಬ ಪತ್ತೇದಾರನ ಕಥೆ ಎಂದೇ ಅವರು ಹೇಳಿಕೊಂಡು ಬಂದಿದ್ದರು. ಒಂದು ಪಾಳಯಕ್ಕೆ ಇದು ಹಿಡಿಸಿತು. ವಾಟ್ಸನ್‌ನ ಮದುವೆಯ ಸುತ್ತ ಹೆಣೆದ 'ದಿ ಸೈನ್ ಆಫ್ ತ್ರೀ'ಯ ನಗುವೂ ಮಮತೆಯೂ ಅವರಿಗೆ ಸರಣಿಯ ಶಿಖರ. ಇನ್ನೊಂದು ಪಾಳಯಕ್ಕೆ ಒಗಟು ಕೊಟ್ಟು ಬಿಡಿಸದೆ ಬಿಟ್ಟದ್ದು ಮಾತು ತಪ್ಪಿದ ಹಾಗೆ. 'ಹಿಸ್ ಲಾಸ್ಟ್ ವೌ' ಈ ಬಿರುಕನ್ನು ಹಿಗ್ಗಿಸಿತು. ಡಾಯ್ಲ್‌ನ ಕಥೆಯಲ್ಲಿ ಬೆದರಿಸಿ ಹಣ ಕೀಳುವ ಮಿಲ್ವರ್ಟನ್‌ನನ್ನು ಅವನಿಂದ ನೊಂದ ಒಬ್ಬ ಹೆಂಗಸು ಕೊಲ್ಲುತ್ತಾಳೆ; ಹೋಮ್ಸ್ ಬಚ್ಚಿಟ್ಟುಕೊಂಡು ನೋಡುತ್ತಾನೆ. ಇಲ್ಲಿ ಮ್ಯಾಗ್ನಸ್ಸನ್ ಎಂಬ ಹೆಸರಿನ ಅದೇ ಪಾತ್ರಕ್ಕೆ ಗುಂಡಿಕ್ಕುವವನು ಹೋಮ್ಸ್. ಬುದ್ಧಿಯಿಂದ ಗೆಲ್ಲಬೇಕಾದವನು ಬಂದೂಕಿನಿಂದ ಗೆದ್ದ ಎಂಬ ಬೇಸರ ಆಗ ಹುಟ್ಟಿತು. ಆದರೆ 2014ರ ಎಮ್ಮಿ ಪ್ರಶಸ್ತಿಗಳಲ್ಲಿ ಚಿತ್ರಕಥೆಗೆ ಮೊಫಾಟ್, ನಟನೆಗೆ ಕಂಬರ್‌ಬ್ಯಾಚ್ ಮತ್ತು ಫ್ರೀಮನ್ ಗೆದ್ದದ್ದು ಇದೇ ಕಂತಿಗೆ.

ಭಾರತದ ಓದುಗರು ಗಮನಿಸಬೇಕಾದ ಒಂದು ಎಳೆ ಇಲ್ಲಿದೆ. 'ದಿ ಸೈನ್ ಆಫ್ ಫೋರ್' ಕಾದಂಬರಿಯ ಬೇರು 1857ರ ದಂಗೆಯ ಕಾಲದಲ್ಲಿ ಆಗ್ರಾ ಕೋಟೆಯಲ್ಲಿ ಬಚ್ಚಿಟ್ಟ ನಿಧಿಯಲ್ಲಿದೆ. ಸರಣಿಯಲ್ಲಿ ಆಗ್ರಾ ಎಂಬುದು ವಾಟ್ಸನ್‌ನ ಹೆಂಡತಿ ಮೇರಿಯ ಪೆನ್‌ಡ್ರೈವ್ ಮೇಲಿನ ನಾಲ್ಕು ಇಂಗ್ಲಿಷ್ ಅಕ್ಷರ ಮಾತ್ರ. ಮೊದಲು ಅದು ಅವಳ ನಿಜ ಹೆಸರಿನ ಮೊದಲಕ್ಷರಗಳು ಎನ್ನುತ್ತಾರೆ; ಮುಂದೆ 2017ರ 'ದಿ ಸಿಕ್ಸ್ ಥ್ಯಾಚರ್ಸ್'ನಲ್ಲಿ ನಾಲ್ವರು ಬಾಡಿಗೆ ಗೂಢಚಾರರ ಹೆಸರುಗಳ ಮೊದಲಕ್ಷರಗಳಾಗುತ್ತದೆ. ಕೊನೆಯ ಅಕ್ಷರದ ಅಜಯ್‌ನ ಪಾತ್ರ ಮಾಡಿದವರು ಸಾಚಾ ಧವನ್. ಸಾಮ್ರಾಜ್ಯದ ಲೂಟಿಯ ಕಥೆ ಹೋಗಿ ಗೂಢಚಾರರ ಹಗೆತನ ಉಳಿಯಿತು.

ನಾಲ್ಕನೆಯ ಸೀಸನ್ ಹೊತ್ತಿಗೆ ಅಸಮಾಧಾನ ಬಹಿರಂಗವಾಗಿತ್ತು. ಹೋಮ್ಸ್ ಜೇಮ್ಸ್ ಬಾಂಡ್ ಆಗುತ್ತಿದ್ದಾನೆ ಎಂದು ಗಾರ್ಡಿಯನ್ ಪತ್ರಿಕೆಯಲ್ಲಿ ಬಂದ ಬರಹಕ್ಕೆ ಗೇಟಿಸ್ ಅದೇ ಪತ್ರಿಕೆಯಲ್ಲಿ ಪದ್ಯರೂಪದ ಉತ್ತರ ಬರೆದರು. 2017ರ ಜನವರಿ 15ರ 'ದಿ ಫೈನಲ್ ಪ್ರಾಬ್ಲಮ್' ಪ್ರಸಾರಕ್ಕೆ ಮುಂಚೆಯೇ ಅದರ ರಷ್ಯನ್ ಡಬ್ಬಿಂಗ್ ಪ್ರತಿ ಸೋರಿಹೋಯಿತು. ಈ ಸೀಸನ್ನಿನವರೆಗೆ ಸುಳಿವೇ ಇಲ್ಲದಂತಿದ್ದ ಹೋಮ್ಸ್‌ನ ತಂಗಿ ಯೂರಸ್, ದ್ವೀಪದ ಸೆರೆಮನೆ, ಕೋಣೆಯಿಂದ ಕೋಣೆಗೆ ಕ್ರೂರ ಪರೀಕ್ಷೆಗಳು. ಮಾತಿನಿಂದಲೇ ಯಾರನ್ನಾದರೂ ವಶ ಮಾಡಿಕೊಳ್ಳುವ ಎದುರಾಳಿಯ ಮುಂದೆ ತರ್ಕಕ್ಕೆ ಕೆಲಸವೇ ಉಳಿಯಲಿಲ್ಲ. ಸಾಯುತ್ತಾಳೆಂದು ಹೆದರಿದ ಹೋಮ್ಸ್, ತನ್ನನ್ನು ಪ್ರೀತಿಸುವ ಶವಾಗಾರದ ವೈದ್ಯೆ ಮಾಲಿ ಹೂಪರ್‌ಳ ಬಾಯಲ್ಲಿ ಪ್ರೀತಿಯ ಮಾತು ಹೇಳಿಸುವ ದೃಶ್ಯವನ್ನು ಲೂಯಿಸ್ ಬ್ರೀಲಿ ಅದ್ಭುತವಾಗಿ ನಟಿಸಿದರು. ಆ ಗಾಯದ ಮುಂದಿನ ಗತಿಯನ್ನು ಮಾತ್ರ ಕಂತು ತೋರಿಸಲೇ ಇಲ್ಲ. ಪ್ರಸಾರದ ರಾತ್ರಿಯ ಲೆಕ್ಕದಲ್ಲಿ ಇದನ್ನು ನೋಡಿದವರು 59 ಲಕ್ಷ. ಅದೇ ಸೀಸನ್ನಿನ ಮೊದಲ ಕಂತಿಗೆ 81 ಲಕ್ಷ ಮಂದಿ ಇದ್ದರು.

ಇನ್ನೊಂದು ನೋವು ಬೇರೆಯದೇ ಆದದ್ದು. ಹೋಮ್ಸ್ ಮತ್ತು ವಾಟ್ಸನ್‌ರ ನಂಟು ಪ್ರೇಮವಾಗಿ ಅರಳುತ್ತದೆಂದು ಅಭಿಮಾನಿಗಳಲ್ಲಿ ಗಣನೀಯ ಭಾಗ ನಂಬಿತ್ತು. ಅಂಥ ಉದ್ದೇಶವಿಲ್ಲವೆಂದು ಬರಹಗಾರರು ಮತ್ತೆ ಮತ್ತೆ ಹೇಳಿದ್ದರು. ಆದರೂ ಕಂತುಗಳ ಸಂಭಾಷಣೆ ಆ ಕಡೆಗೇ ಕಣ್ಣು ಮಿಟುಕಿಸುತ್ತಿತ್ತು. ಕೊನೆಯ ಕಂತಿನ ನಂತರವೂ ಕೆಲವರು ನಿಜವಾದ ಮುಕ್ತಾಯ ಮುಂದಿನ ಭಾನುವಾರ ಬರುತ್ತದೆಂದು ಕಾದರು, ಬರಲಿಲ್ಲ. ಸಲಿಂಗಪ್ರೇಮಿಗಳಿಗೆ ಆಸೆ ಹುಟ್ಟಿಸಿ ಕೈಬಿಟ್ಟರೆಂಬ ಆರೋಪವನ್ನು ಅತಿರೇಕದ ಅಭಿಮಾನವೆಂದು ತಳ್ಳಿಹಾಕಲಾಗದು. ಪರದೆಯ ಮೇಲೆ ತಮ್ಮಂಥವರನ್ನು ಕಾಣಲು ಬಹುಕಾಲ ಕಾದವರಿಗೆ ಅದು ಬರಿಯ ತಮಾಷೆಯಾಗಿ ಉಳಿದದ್ದು ನೋಯಿಸಿತು.

ವಾರವಾರ ಹೊಸ ಪ್ರಕರಣ ಬಯಸಿದವರಿಗೆ ಅಮೆರಿಕದ ಸಿಬಿಎಸ್ ವಾಹಿನಿಯ 'ಎಲಿಮೆಂಟರಿ' ಇತ್ತು. ಜಾನಿ ಲೀ ಮಿಲ್ಲರ್ ಹೋಮ್ಸ್, ಲೂಸಿ ಲಿಯು ವಾಟ್ಸನ್ ಆಗಿದ್ದ ಅದು 2012ರಿಂದ 2019ರವರೆಗೆ 154 ಕಂತು ನಡೆಯಿತು. 'ಷೆರ್ಲಾಕ್' ಅನ್ನು ಹೊಸದಾಗಿ ನೋಡುವವರು 'ಎ ಸ್ಟಡಿ ಇನ್ ಪಿಂಕ್', 'ದಿ ರೈಕನ್‌ಬಾಕ್ ಫಾಲ್' ಮತ್ತು ಟೋಬಿ ಜೋನ್ಸ್ ಖಳನಾಗಿರುವ 'ದಿ ಲೈಯಿಂಗ್ ಡಿಟೆಕ್ಟಿವ್' ಕಂತುಗಳನ್ನು ತಪ್ಪದೆ ನೋಡಬೇಕು. ನಾಲ್ಕನೆಯ ಸೀಸನ್ನಿನದಾದರೂ ಈ ಮೂರನೆಯದನ್ನು ಎರಡೂ ಪಾಳಯದ ಹಲವರು ಮೆಚ್ಚುತ್ತಾರೆ: ಅದರಲ್ಲಿ ಒಗಟೂ ಇದೆ, ಹೆಂಡತಿಯನ್ನು ಕಳೆದುಕೊಂಡ ವಾಟ್ಸನ್‌ನ ದುಃಖವೂ ಇದೆ, ಒಂದಕ್ಕಾಗಿ ಇನ್ನೊಂದನ್ನು ಬಿಟ್ಟುಕೊಟ್ಟಿಲ್ಲ.